ಭದ್ರೆ ಆ ಕಡೆ, ಪೈಪ್‌ಲೈನ್ ಈ ಕಡೆ

ನಾನು ಹುಟ್ಟಿ ಬೆಳೆದದ್ದು ಕುದುರೆಮುಖದಲ್ಲಿ. ಕುದುರೆಮುಖ ಬೆಟ್ಟ ಹತ್ತಿದ್ದು ಮಾತ್ರ ಹೋದ ಅಕ್ಟೋಬರ್‌ನಲ್ಲಿ, ನನ್ನ 44ನೇ ವಯಸ್ಸಿನಲ್ಲಿ.

ಇದನ್ನು ಹೇಳಿದರೆ ಎದುರಿಗಿದ್ದವರು ಮೊದಲು ನಗುತ್ತಾರೆ. ಮೈಸೂರಲ್ಲೇ ಇದ್ದು ಅರಮನೆ ಒಳಗೆ ಕಾಲಿಡದವರು ಇಲ್ವಾ, ಹಾಗೆ ಅಂದುಕೊಳ್ಳಿ. ನಾವಿದ್ದದ್ದು ಮಲ್ಲೇಶ್ವರದ ಕಾಲೊನಿಯಲ್ಲಿ. ಬೆಂಗಳೂರಿನ ಮಲ್ಲೇಶ್ವರ ಅಲ್ಲ, ಕಬ್ಬಿಣದ ಅದಿರಿನ ಕಂಪನಿ ತನ್ನ ಕೆಲಸಗಾರರಿಗೆ ಅಂತ ಕಾಡಿನ ಮಧ್ಯೆ ಕಟ್ಟಿದ ಊರು. ಪಕ್ಕದಲ್ಲೇ ಭದ್ರೆ. ಸುತ್ತ ಗುಡ್ಡ. ಗುಡ್ಡ ಅಂದರೆ ನಮಗೆ ಅದಿರು ಬರುವ ಜಾಗ. ಅದನ್ನು ಸುಮ್ನೆ ಹತ್ತಿ ಇಳಿಯೋಕೆ ಯಾರಾದರೂ ದುಡ್ಡು ಕೊಟ್ಟು ಬರುತ್ತಾರೆ ಅಂದಿದ್ದರೆ ಅಮ್ಮ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು.

ಅಲ್ಲದೆ ಮಳೆ. ವರ್ಷಕ್ಕೆ 6000 ಮಿಲಿಮೀಟರ್ ದಾಟುವ ಮಳೆ. ಅಡುಗೆಮನೆಯಲ್ಲಿ ಹಗ್ಗ ಕಟ್ಟಿ ಯೂನಿಫಾರ್ಮ್ ಒಣಗಿಸುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಸ್ಕೂಲ್ ಲಂಗಕ್ಕೆ ಒಗ್ಗರಣೆ ವಾಸನೆ.

ಅಪ್ಪ ಹರಿಹರದವರು. 1979ರಲ್ಲಿ ಐಟಿಐ ಸರ್ಟಿಫಿಕೇಟ್ ಹಿಡಿದುಕೊಂಡು ಹೋಗಿ ಫಿಟ್ಟರ್ ಆಗಿ ಸೇರಿದವರು. ಆಗಿನ್ನೂ ಗಣಿ ಶುರು ಆಗಿರಲಿಲ್ಲ, ಕಟ್ಟೋ ಕೆಲಸ ನಡೀತಿತ್ತು. ಇರಾನಿನ ಷಾ ದುಡ್ಡು ಕೊಡುತ್ತೇನೆ ಅಂದಿದ್ದ, ಅದಿರೂ ಅಲ್ಲಿಗೇ ಹೋಗಬೇಕಿತ್ತು. ಅದೇ ವರ್ಷ ಅಲ್ಲಿ ಕ್ರಾಂತಿಯಾಗಿ ಷಾ ಓಡಿಹೋದ. "ನಾನು ಕೆಲಸಕ್ಕೆ ಸೇರಿದ ಕೂಡಲೇ ರಾಜನೇ ಓಡಿಹೋದ ನೋಡು" ಅಂತ ಅಪ್ಪ ಇವತ್ತಿಗೂ ಹೇಳುತ್ತಾರೆ.

ಅಪ್ಪನ ಕೆಲಸ ಪಂಪ್‌ಗಳದ್ದು. ಅದಿರನ್ನು ಅರೆದು, ನೀರು ಬೆರೆಸಿ, ಕಪ್ಪು ಗಂಜಿ ಹಾಗೆ ಮಾಡಿ ಪೈಪಿನಲ್ಲಿ ಮಂಗಳೂರಿಗೆ ಬಿಡುತ್ತಿದ್ದರು. 67 ಕಿಲೋಮೀಟರ್ ಪೈಪ್‌ಲೈನ್. ಘಟ್ಟದ ಮೇಲಿಂದ ಕಡಲ ದಡಕ್ಕೆ. ಪಂಪ್ ಸರಿಯಾಗಿದೆಯೋ ಇಲ್ವೋ ನೋಡೋಕೆ ಅಪ್ಪ ಮಾಡುತ್ತಿದ್ದದ್ದು ಒಂದೇ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಬೇರಿಂಗ್ ಮೇಲೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳೋದು. ಮನೆಯಲ್ಲಿ ಮಿಕ್ಸಿ ಕೆಟ್ಟರೂ ಅದೇ, ನಮ್ಮ ಸ್ಕೂಟರ್ ಕೆಟ್ಟರೂ ಅದೇ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು, ಡಾಕ್ಟರ್ ಹಾಗೆ.

1987ರಲ್ಲಿ ಸುತ್ತಲಿನ 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. ಅದಕ್ಕೆ ಮುಂಚೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿ ಸಿಂಗಳೀಕಗಳ ಸರ್ವೆ ಮಾಡಿದ್ದರು. ಆಮೇಲೆ ಗಣಿ ಬೇಕು, ಬೇಡ ಅಂತ ವರ್ಷಗಟ್ಟಲೆ ಜಗಳ. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಅಪ್ಪ ಅಮ್ಮ ಲಾರಿಗೆ ಸಾಮಾನು ಹೇರಿ ಹರಿಹರಕ್ಕೆ ಬಂದರು. ಯಾರು ಸರಿ ಅಂತ ನನ್ನನ್ನು ಕೇಳಬೇಡಿ. ಆ ಗಣಿಯ ಅನ್ನ ತಿಂದು ದೊಡ್ಡವಳಾದವಳು ನಾನು. ಆ ಕಾಡು ಉಳಿದದ್ದಕ್ಕೆ ಖುಷಿ ಪಡುವವಳೂ ನಾನೇ.

ಹತ್ತುವ ಯೋಚನೆ ನನ್ನದಲ್ಲ, ಮಗಳದ್ದು. ಸೆಕೆಂಡ್ ಪಿಯುಸಿ. "ಅಮ್ಮ, ನಿನ್ನ ಊರಿಗೆ ನನ್ನ ಕ್ಲಾಸಿನವರೆಲ್ಲ ಹೋಗಿ ಬಂದರು, ನಾನೇ ಹೋಗಿಲ್ಲ" ಅಂದಳು. ತಂಗಿ ಮಗ ಬೆಂಗಳೂರಿಂದ ಬರ್ತೀನಿ ಅಂದ. ಬುಕಿಂಗ್ ಅವನೇ ಮಾಡಿದ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆ ಥರ ಜನ ಸೇರಿದ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಬಿಗಿ ಮಾಡಿತು. ಈಗ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ಬರೆಸಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ. ಒಳ್ಳೆಯದೇ. ಆದರೆ ನಾನು ಹುಟ್ಟಿದ ಊರಿನ ಗುಡ್ಡಕ್ಕೆ ಆಧಾರ್ ಕಾರ್ಡ್ ತೋರಿಸಿ ಹೋಗೋದು ಅಂದರೆ ಒಂಥರಾ ಆಯ್ತು.

ಹರಿಹರದಿಂದ ಹೊರಟು ಭದ್ರಾವತಿ, ನರಸಿಂಹರಾಜಪುರ, ಬಾಳೆಹೊನ್ನೂರು, ಕಳಸ. ಈ ದಾರಿಯ ಗಮ್ಮತ್ತು ಏನು ಅಂದರೆ ಭದ್ರೆಯನ್ನು ಉಲ್ಟಾ ಓದಿದ ಹಾಗೆ. ನಮ್ಮ ಮನೆ ನಲ್ಲಿಯಲ್ಲಿ ಬರೋದು ತುಂಗಭದ್ರೆ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ನಮ್ಮ ಕಡೆ ಬರುತ್ತಾರೆ. ಅಲ್ಲಿಂದ ಮೇಲೆ ಹೋದಷ್ಟೂ ಭದ್ರೆ ಸಣ್ಣವಳಾಗುತ್ತಾ ಹೋಗುತ್ತಾಳೆ. ಬಾಳೆಹೊನ್ನೂರಿನ ಸೇತುವೆ ಹತ್ತಿರ ಇನ್ನೂ ಗೃಹಿಣಿ. ಕಳಸಕ್ಕೆ ಬರುವಾಗ ಹುಡುಗಿ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ಪ್ರತಿ ಮಳೆಗಾಲ ಟಿವಿಯಲ್ಲಿ ಬರುತ್ತಲ್ಲ, ಅಪ್ಪ ಆಗ ಎದ್ದು ಹೋಗಿ ವಾಲ್ಯೂಮ್ ಜಾಸ್ತಿ ಮಾಡುತ್ತಾರೆ. ಮೂರು ದಿನ ಬಿಟ್ಟು ನಮ್ಮೂರ ಹೊಳೆ ಕಟ್ಟೆಗೆ ಹೋಗಿ ನೀರು ಎಷ್ಟು ಏರಿದೆ ನೋಡಿ ಬರುತ್ತಾರೆ. ಸಂಬಂಧಿಕರನ್ನು ಬಸ್‌ಸ್ಟ್ಯಾಂಡಿಗೆ ಹೋಗಿ ಕರೆದುಕೊಂಡು ಬರೋ ಹಾಗೆ.

ರಾತ್ರಿ ಸಂಸೆ ಹತ್ತಿರ ಒಂದು ಹೋಮ್‌ಸ್ಟೇ. ಮೂರು ಹಾಸಿಗೆ ಅಂದಿದ್ದರು, ಇದ್ದದ್ದು ಎರಡು. ತಂಗಿ ಮಗ ಚಾಪೆ ಮೇಲೆ ಮಲಗಿದ. ಆದರೆ ಬೆಳಗ್ಗೆ ನೀರುದೋಸೆ, ಕಾಯಿ ಚಟ್ನಿ, ಬೆಲ್ಲದ ಕಪ್ಪು ಕಾಫಿ ಕೊಟ್ಟರು. ಹಾಸಿಗೆ ವಿಷಯ ಮರೆತುಬಿಟ್ಟೆವು.

ಅಲ್ಲಿಂದ ಮುಳ್ಳೋಡಿಗೆ ಜೀಪ್. ರಸ್ತೆ ಅನ್ನೋದಕ್ಕಿಂತ ಕಲ್ಲಿನ ರಾಶಿ ಅನ್ನಬೇಕು. ಮುಳ್ಳೋಡಿಯಿಂದ ನಡಿಗೆ. ಹೋಗಿ ಬರೋಕೆ ಸುಮಾರು 20 ಕಿಲೋಮೀಟರ್. ಗೈಡ್ ಜೊತೆಗಿರಲೇಬೇಕು. ನಮ್ಮ ಗೈಡ್ ಅಲ್ಲೇ ಹತ್ತಿರದ ಹುಡುಗ, ಇಪ್ಪತ್ತೈದು ಇರಬಹುದು. ಲುಂಗಿ ಬಿಟ್ಟು ಬರ್ಮುಡಾ ಹಾಕಿಕೊಂಡಿದ್ದ, ಕಾಲಿಗೆ ಬರೀ ರಬ್ಬರ್ ಚಪ್ಪಲಿ. ನನ್ನನ್ನು ನೋಡಿ "ಆಂಟಿ, ನಿಮಗೆ ಆಗುತ್ತಾ?" ಅಂದ.

"ನಾನು ಮಲ್ಲೇಶ್ವರದವಳು ಕಣಪ್ಪ. ಕಂಪನಿ ಕ್ವಾರ್ಟರ್ಸ್" ಅಂದೆ.

"ಹೌದಾ ಅಕ್ಕಾ!" ಅಂದ. ಆಮೇಲೆ ಇಡೀ ದಿನ ಅಕ್ಕನೇ. ಅವನ ಚಿಕ್ಕಪ್ಪ ಕ್ಯಾಂಟೀನಿನಲ್ಲಿ ಕೆಲಸ ಮಾಡಿದ್ದರಂತೆ. ಗಣಿ ನಿಂತಾಗ ಇವನಿಗೆ ನಾಲ್ಕೋ ಐದೋ ವರ್ಷ.

ಹೊರಡುವ ಮೊದಲು ಅವನು ಕಾಲಿಗೆ ಹಚ್ಚಿಕೊಳ್ಳೋಕೆ ಒಂದು ಶೀಶೆ ಕೊಟ್ಟ. ಕೊಬ್ಬರಿ ಎಣ್ಣೆಯಲ್ಲಿ ಹೊಗೆಸೊಪ್ಪಿನ ಪುಡಿ, ಉಪ್ಪು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ. ತಂಗಿ ಮಗ ಆನ್‌ಲೈನ್‌ನಲ್ಲಿ ತರಿಸಿದ ಲೀಚ್ ಸಾಕ್ಸ್ ಹಾಕಿದ್ದ, ಮಂಡಿವರೆಗೆ, ಹಬ್ಬದಲ್ಲಿ ವೇಷ ಹಾಕಿದವರ ಹಾಗೆ. ನಾನು ಎಣ್ಣೆ ಹಚ್ಚಿಕೊಂಡೆ. ಉಂಬಳ ಮೊದಲು ಸಿಕ್ಕಿದ್ದು ಅವನಿಗೇ, ಕುತ್ತಿಗೆಯಲ್ಲಿ. ಕೂಗಾಡಿದ. ಗೈಡ್ "ಎಳೀಬೇಡಿ, ಎಳೀಬೇಡಿ" ಅನ್ನುತ್ತಾ ಸುಣ್ಣದ ಡಬ್ಬಿ ತೆಗೆದು ಉಗುರಿನ ತುದಿಯಲ್ಲಿ ಚೂರು ಮುಟ್ಟಿಸಿದ. ಅದು ಸುರುಟಿಕೊಂಡು ಬಿತ್ತು. ಮಗಳು ವಿಡಿಯೋ ಮಾಡುತ್ತಿದ್ದಳು.

ಉಂಬಳ ಹೇಗೆ ಬರುತ್ತೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒದ್ದೆ ತರಗೆಲೆ ಮೇಲೆ ನೂಲಿನಷ್ಟು ಸಪೂರ ನಿಂತಿರುತ್ತೆ, ಒಂದು ತುದಿ ಊರಿಕೊಂಡು ಇನ್ನೊಂದು ತುದಿ ಗಾಳಿಯಲ್ಲಿ ಆಡಿಸುತ್ತಾ. ನಾವು ನಿಂತರೆ ಅದು ಹೊರಡುತ್ತೆ. ಗೇಣು ಹಾಕುತ್ತಾ ಬರುತ್ತೆ, ದರ್ಜಿ ಬಟ್ಟೆ ಅಳೆದ ಹಾಗೆ. ಕಚ್ಚಿದ್ದು ಗೊತ್ತೇ ಆಗಲ್ಲ. ಗೊತ್ತಾಗುವಾಗ ಅದು ದ್ರಾಕ್ಷಿಯಷ್ಟು ಆಗಿರುತ್ತೆ. ಬಿದ್ದ ಮೇಲೂ ರಕ್ತ ಬೇಗ ನಿಲ್ಲಲ್ಲ. ಗಾಬರಿ ಬೇಡ, ಅದು ಅಷ್ಟೇ. ನನಗೆ ಕೊನೆಗೆ ಏಳು ಕಡೆ ಕಚ್ಚಿತ್ತು.

ಮೊದಲ ಒಂದು ಗಂಟೆ ಕಾಡು, ಗದ್ದೆ ಅಂಚು, ಹಳ್ಳ. ಆಮೇಲೆ ಲೋಬೋ ಮನೆ ಅಂತ ಒಂದು ಪಾಳು ಮನೆ ಸಿಗುತ್ತೆ. ಇಷ್ಟು ಒಳಗೆ ಬಂದು ಒಂದು ಸಂಸಾರ ಬೇಸಾಯ ಮಾಡಿಕೊಂಡಿತ್ತು ಅಂದರೆ ಆ ಮನೆಯ ಹೆಂಗಸು ಉಪ್ಪು ಮುಗಿದಾಗ ಏನು ಮಾಡುತ್ತಿದ್ದಳು ಅಂತ ನನಗೆ ಯೋಚನೆ. ಅಲ್ಲಿಂದ ಮುಂದೆ ಒಂಟಿಮರ. ಹೆಸರೇ ಹೇಳುತ್ತೆ. ಸುತ್ತ ಹುಲ್ಲುಗುಡ್ಡ, ಮಧ್ಯೆ ಒಂದು ಮರ. ಗಾಳಿ ಹೇಗೆ ಬೀಸುತ್ತೆ ಅಂದರೆ ಮಾತು ಬಾಯಿಂದ ಹೊರಗೆ ಬಂದ ಕೂಡಲೇ ಪಕ್ಕದ ಗುಡ್ಡಕ್ಕೆ ಹೋಗಿಬಿಡುತ್ತೆ.

ಇಲ್ಲೇ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿತು. ಆರು ವರ್ಷದ ಹಿಂದಿನ ಶೂ. ಬೆಳಗಿನ ವಾಕಿಂಗಿಗೆ ಅಂತ ತಗೊಂಡು, ನಾಲ್ಕು ದಿನ ಹಾಕಿ, ಅಟ್ಟದ ಮೇಲೆ ಇಟ್ಟಿದ್ದು. ನೋಡೋಕೆ ಹೊಸದೇ. ಅಂಟು ಮಾತ್ರ ಒಳಗೊಳಗೇ ಪುಡಿಯಾಗಿತ್ತು. ಸೋಲ್ ಪೂರ್ತಿ ಕಿತ್ತು, ಹಿಮ್ಮಡಿ ಹತ್ತಿರ ಒಂದು ಇಂಚು ಹಿಡಿದುಕೊಂಡಿತ್ತು. ಹೆಜ್ಜೆ ಹಾಕಿದರೆ ಚಪ್ಪಾಳೆ ಹೊಡೆಯುತ್ತಿತ್ತು. ಗೈಡ್ ಹುಡುಗ ಏನೂ ಮಾತಾಡದೆ ಬ್ಯಾಗಿನಿಂದ ಸುತ್ಲಿ ದಾರ ತೆಗೆದ. ನನ್ನ ಪಾದ ತನ್ನ ಮಂಡಿ ಮೇಲೆ ಇಟ್ಟುಕೊಂಡು, ಮುಂಗಾಲಿಗೆ ಮೂರು ಸುತ್ತು, ಹಿಮ್ಮಡಿಗೆ ಅಡ್ಡ ಎರಡು ಸುತ್ತು, ಲೇಸಿನ ತೂತಿನಲ್ಲಿ ತೂರಿಸಿ ಗಂಟು. ಹಸುವಿಗೆ ಕಣ್ಣಿ ಹಾಕಿದಷ್ಟು ಸಲೀಸು. "ವಾರಕ್ಕೆ ಎರಡು ಶೂ ಕಟ್ತೀನಿ ಅಕ್ಕ, ಅದಕ್ಕೇ ದಾರ ಇಟ್ಕೊಂಡಿರೋದು" ಅಂದ. ನನಗಿಂತ ಹಳೇ ಶೂ ಹಾಕಿಕೊಂಡು ಬರುವವರೂ ಇದ್ದಾರೆ ಅಂತ ಸಮಾಧಾನ ಆಯ್ತು. ನೀವು ಹೋಗುವುದಾದರೆ ಹಿಂದಿನ ವಾರ ಶೂ ಹಾಕಿಕೊಂಡು ಮನೆ ಮೆಟ್ಟಿಲು ಹತ್ತಿ ಇಳಿದು ನೋಡಿ. ಉಳಿದ ಯಾವ ಟಿಪ್ಸೂ ನನ್ನ ಹತ್ತಿರ ಇಲ್ಲ.

ಒಂಟಿಮರ ದಾಟಿದ ಮೇಲೆ ಬೆಟ್ಟದ ಸ್ವಭಾವ ಗೊತ್ತಾಗುತ್ತಾ ಹೋಗುತ್ತೆ. ಗುಡ್ಡದ ಬೆನ್ನು ಪೂರ್ತಿ ಹುಲ್ಲು. ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಕಾಡು, ಕಂಕುಳಿನ ಕೂದಲ ಹಾಗೆ ಅಂತ ತಂಗಿ ಮಗ ಅಂದ, ಅವನ ಬಾಯಿ ಸರಿ ಇಲ್ಲ. ಇದಕ್ಕೆ ಶೋಲಾ ಅನ್ನುತ್ತಾರೆ. ಮರ ಗಿಡ್ಡ, ಮೈ ತುಂಬ ಪಾಚಿ. ಮಳೆ ನೀರು ಹುಲ್ಲಿನ ಬುಡದಲ್ಲಿ ಇಂಗಿ, ನಿಧಾನಕ್ಕೆ ಈ ಮಡಿಕೆಗೆ ಇಳಿದು, ಅಲ್ಲಿಂದ ಚೂರು ಚೂರೇ ಹೊರಗೆ ಬರುತ್ತೆ. ಹಾಗಾಗಿ ಮಳೆ ನಿಂತು ತಿಂಗಳುಗಳಾದರೂ ಹಳ್ಳ ಹರಿಯುತ್ತೆ. ಪ್ರತಿ ಶೋಲಾದ ಒಳಗೂ ಒಂದು ಹಳ್ಳ ದಾಟಬೇಕು. ಒಂದು ಕಡೆ ಬಂಡೆ ಮೇಲಿಂದ ಎರಡಾಳು ಎತ್ತರದಿಂದ ಬೀಳುತ್ತಿತ್ತು. ಇದರ ಹೆಸರೇನು ಅಂತ ಕೇಳಿದೆ. "ಇದಕ್ಕೆಲ್ಲ ಯಾರು ಹೆಸರಿಡ್ತಾರೆ ಅಕ್ಕ, ಸಾವಿರ ಇವೆ" ಅಂದ. ಬೊಗಸೆಯಲ್ಲಿ ಕುಡಿದೆವು. ಹಲ್ಲು ಜುಮ್ ಅಂತು.

ಈ ಹಳ್ಳಗಳೆಲ್ಲ ಕೆಳಗೆ ಹೋಗಿ ಭದ್ರೆಗೆ ಸೇರುತ್ತವೆ. ಅಂದರೆ ನಾನು ಕುಡಿದದ್ದು ನಮ್ಮ ಮನೆ ನಲ್ಲಿ ನೀರೇ, ಬ್ಲೀಚಿಂಗ್ ಪೌಡರ್ ಹಾಕುವ ಮುಂಚಿನದ್ದು.

ದಾರಿಯಲ್ಲಿ ಮಗಳು ಒಂದು ಕಲ್ಲು ಎತ್ತಿಕೊಂಡಳು. ಕಪ್ಪಗೆ, ಅಲ್ಲಲ್ಲಿ ಮಿನುಗುತ್ತಾ, ನೋಡಿದ್ದಕ್ಕಿಂತ ಭಾರ. "ತಾತನಿಗೆ ಕೊಡ್ತೀನಿ" ಅಂದಳು. ಹುಡುಗ ತಲೆ ಅಲ್ಲಾಡಿಸಿದ. ಇಲ್ಲಿಂದ ಏನನ್ನೂ ತೆಗೆದುಕೊಂಡು ಹೋಗುವ ಹಾಗಿಲ್ಲ. ಅವಳು ಮುಖ ಸಣ್ಣದು ಮಾಡಿಕೊಂಡು ಸಿಕ್ಕಿದ ಜಾಗದಲ್ಲೇ ಇಟ್ಟಳು. ನನಗೆ ಒಳಗೇ ನಗು. ಇಪ್ಪತ್ತೈದು ವರ್ಷ ಗುಡ್ಡ ಗುಡ್ಡವೇ ಹೊತ್ತುಕೊಂಡು ಹೋದ ಊರಿದು. ಈಗ ಒಂದು ಕಲ್ಲಿಗೆ ಲೆಕ್ಕ.

ಕೊನೆಯ ಏರು ಕಷ್ಟ. ಅದರ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಬೆವರು ಮತ್ತು ಬೈಗುಳ ಅಷ್ಟೇ.

ತುದಿ 1,890 ಮೀಟರಿಗಿಂತ ಸ್ವಲ್ಪ ಜಾಸ್ತಿ. ಹಿಂದೆ ಇದಕ್ಕೆ ಸಂಸೆ ಪರ್ವತ ಅಂತಲೇ ಹೆಸರಿತ್ತಂತೆ, ಸಂಸೆ ಕಡೆಯಿಂದ ಹತ್ತುತ್ತಿದ್ದರಿಂದ. ಪಶ್ಚಿಮಕ್ಕೆ ಬೆಟ್ಟ ಒಮ್ಮೆಲೇ ಕಡಿದು ಬೀಳುತ್ತೆ, ಕೆಳಗೆ ದಕ್ಷಿಣ ಕನ್ನಡ. ಆಕಾಶ ತಿಳಿಯಾಗಿದ್ದರೆ ಕಡಲು ಕಾಣುತ್ತೆ ಅನ್ನುತ್ತಾರೆ. ನಮಗೆ ಕಂಡದ್ದು ಬಿಳಿ. ಪೂರ್ತಿ ಬಿಳಿ. ಪಕ್ಕದಲ್ಲಿ ಕೂತ ಮಗಳ ಜಡೆಯ ತುದಿಯಲ್ಲಿ ಸಾಸಿವೆಯಷ್ಟು ಹನಿಗಳು. ಬಾಳೆ ಎಲೆ ಬಿಚ್ಚಿ ಚಿತ್ರಾನ್ನ ತಿಂದೆವು. ಅದರಲ್ಲೂ ಅರ್ಧ ಮಂಜು.

ನನಗೆ ಬೇಜಾರು ಏನೂ ಆಗಲಿಲ್ಲ. ಹುಡುಗರಿಗೆ ಆಯ್ತು. ಅವರನ್ನು ರಮಿಸೋಕೆ ಒಂದು ಆಟ ಹೇಳಿಕೊಟ್ಟೆ. ಬಾಟಲಿಯ ನೀರು ಸ್ವಲ್ಪ ಈ ಕಡೆ ಚೆಲ್ಲು, ಸ್ವಲ್ಪ ಆ ಕಡೆ ಚೆಲ್ಲು. ಪಶ್ಚಿಮಕ್ಕೆ ಚೆಲ್ಲಿದ್ದು ನೇತ್ರಾವತಿ ಸೇರಿ ಮಂಗಳೂರಿನ ಹತ್ತಿರ ಕಡಲಿಗೆ. ಪೂರ್ವಕ್ಕೆ ಚೆಲ್ಲಿದ್ದು ಭದ್ರೆ, ತುಂಗಭದ್ರೆ, ಕೃಷ್ಣೆ ಅಂತ ಸುತ್ತಿ ಬಳಸಿ ಬಂಗಾಳ ಕೊಲ್ಲಿಗೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಇದೇ ಸೀಮೆಯಲ್ಲಿ. ಮೂರು ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ಒಂದೇ ಮನೆಗೆ ಕೊಟ್ಟು, ಒಬ್ಬಳನ್ನು ಘಟ್ಟದ ಕೆಳಗೆ ಕೊಟ್ಟ ಹಾಗೆ.

ಮಗಳು ಎರಡೂ ಕಡೆ ಚೆಲ್ಲಿ, "ಹಾಗಾದರೆ ತಾತ ಅದಿರು ಕಳಿಸಿದ್ದು ಯಾವ ಕಡೆ?" ಅಂದಳು.

ಆ ಕ್ಷಣದವರೆಗೂ ನನಗೆ ಹೊಳೆದಿರಲಿಲ್ಲ. ಅಪ್ಪನ ಪ್ಲಾಂಟ್ ಇದ್ದದ್ದು ಭದ್ರೆಯ ಮಗ್ಗುಲಲ್ಲಿ. ಭದ್ರೆ ಹೋಗೋದು ಪೂರ್ವಕ್ಕೆ, ಅಪ್ಪನ ಊರ ಕಡೆಗೆ. ಪೈಪ್‌ಲೈನ್ ಹೋದದ್ದು ಪಶ್ಚಿಮಕ್ಕೆ. ಹೊಳೆ ಮನೆ ಕಡೆ ಹೋಗುತ್ತಿರುವಾಗ ಇಪ್ಪತ್ತೈದು ವರ್ಷ ಅದಕ್ಕೆ ಬೆನ್ನು ಹಾಕಿ ನಿಂತು, ಅಪ್ಪ ಗುಡ್ಡವನ್ನು ಇನ್ನೊಂದು ಕಡಲಿಗೆ ಕಳಿಸುತ್ತಿದ್ದರು. ಸಂಜೆ ಶಿಫ್ಟ್ ಮುಗಿಸಿ ಬಂದು ಹೊಳೆ ದಂಡೆಯಲ್ಲಿ ಕೂತು ಬೀಡಿ ಸೇದುತ್ತಿದ್ದರು. ನಾನು ಪಕ್ಕದಲ್ಲಿ ಎಲೆ ದೋಣಿ ಬಿಡುತ್ತಿದ್ದೆ. "ಬಿಡು ಬಿಡು, ಅಜ್ಜಿ ಮನೆಗೆ ಹೋಗುತ್ತೆ" ಅನ್ನುತ್ತಿದ್ದರು. ಸುಮ್ನೆ ನನ್ನನ್ನು ಆಡಿಸೋಕೆ ಹೇಳುತ್ತಿದ್ದಾರೆ ಅಂದುಕೊಂಡಿದ್ದೆ.

ಇಳಿಯುವಾಗ ಮಂಡಿ ಮಾತಾಡಿತು. ಸುತ್ಲಿ ಗಂಟು ಮಾತ್ರ ಮುಳ್ಳೋಡಿವರೆಗೂ ಬಿಚ್ಚಲಿಲ್ಲ.

ಮರುದಿನ ಕಾರ್ಕಳದ ದಾರಿ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ಇಷ್ಟು ಹೊತ್ತಿಗೆ ಆ ಕಡೆ ಗೇಟ್ ದಾಟಬೇಕು. ಮಧ್ಯೆ ನಿಲ್ಲಿಸಿ ಪಾರ್ಟಿ ಮಾಡುವವರಿಂದ ಬಂದ ನಿಯಮ. ಕಾಲೊನಿ ಮುಂದೆ ನಿಧಾನ ಮಾಡಿದೆ. ಮನೆಗಳು ಇವೆ, ಬಹಳಷ್ಟು ಖಾಲಿ. ನಮ್ಮ ಸಾಲಿನ ಮನೆಗಳ ಹೆಂಚಿನ ಮೇಲೆ ಜರಿಗಿಡ. ಇಳಿಯಲಿಲ್ಲ. ಅದು ಇನ್ನೊಂದು ದಿನದ ಕೆಲಸ.

ಕದಂಬಿ ಅಬ್ಬಿ, ಅಂದರೆ ಕದಂಬಿ ಜಲಪಾತ, ರಸ್ತೆ ಪಕ್ಕದಲ್ಲೇ ಸಿಗುತ್ತೆ, ಕಾರಿನ ಕಿಟಕಿಯಿಂದಲೇ ನೋಡಬಹುದು. ಅದರ ಮುಂದೆ ಕೋತಿಗಳು ಚಿಪ್ಸ್ ಪ್ಯಾಕೆಟ್‌ಗೆ ಕಾಯುತ್ತಾ ಕೂತಿದ್ದವು. ಕೊಡಬೇಡಿ, ದಯವಿಟ್ಟು. ಇನ್ನೂ ಮುಂದೆ ಹನುಮಾನ್‌ಗುಂಡಿ. ನಮಗೆ ಅದು ಸೂತನಬ್ಬಿ. ನಾನು ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಅಪ್ಪನ ಸೆಕ್ಷನ್ನಿನವರೆಲ್ಲ ಜೀಪಿನಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದ ಜಾಗ. ಟಿಕೆಟ್ ತಗೊಂಡು ಮೆಟ್ಟಿಲು ಇಳಿಯಬೇಕು. ಇಳಿಯೋದು ಸುಲಭ, ಹಿಂದಿನ ದಿನದ ಮಂಡಿಗೆ ಅದೂ ಕಷ್ಟ. ಜೋಗದ 830 ಅಡಿ ಮುಂದೆ ಇದು ಕೂಸು. ಆದರೆ ಜೋಗವನ್ನು ದೂರದಿಂದ ನೋಡಬೇಕು. ಇದರ ಎದುರಿಗೇ ನಿಲ್ಲಬಹುದು. ಬಂಡೆಯ ಮೆಟ್ಟಿಲುಗಳ ಮೇಲೆ ಹರವಿಕೊಂಡು ಬೀಳುತ್ತೆ, ಮುಖಕ್ಕೆ ಎರಚುತ್ತೆ. ಆವತ್ತು ನೀರಿಗೆ ಇಳಿಯೋಕೆ ಬಿಡಲಿಲ್ಲ. ನೀರು ನೋಡಿದರೆ ಇಳಿಯುವ ಧೈರ್ಯವೂ ಇರಲಿಲ್ಲ.

ಹರಿಹರಕ್ಕೆ ಬಂದಾಗ ರಾತ್ರಿ ಹತ್ತೂವರೆ. ಅಪ್ಪ ಮಲಗಿರಲಿಲ್ಲ. ಮೊದಲು ನೋಡಿದ್ದು ನನ್ನ ಸಾಕ್ಸ್. ಕಂದು ಕಲೆ. "ಉಂಬಳ ಇನ್ನೂ ಇದಾವಾ?" ಅಂತ ಕೇಳಿದರು, ಹಳೇ ಸ್ನೇಹಿತರ ಆರೋಗ್ಯ ವಿಚಾರಿಸಿದ ಹಾಗೆ. ತುದಿಯಲ್ಲಿ ಏನು ಕಂಡಿತು ಅಂದರು. ಏನೂ ಇಲ್ಲ ಅಪ್ಪ, ಮಂಜು ಅಂದೆ. "ಮತ್ತೇನು ಕಾಣುತ್ತೆ ಅಲ್ಲಿ" ಅಂದರು.

ಮಗಳು ಸೂತನಬ್ಬಿಯ ವಿಡಿಯೋ ಹಾಕಿ ಫೋನ್ ಕೈಗೆ ಕೊಟ್ಟಳು. ಅಪ್ಪ ಒಂದು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಫೋನನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದರು. ವಿಡಿಯೋ ಇದ್ದದ್ದು ನಲವತ್ತು ಸೆಕೆಂಡ್. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂದರು.

"ಮೇಲೆ ಇನ್ನೂ ಮಳೆ ಹಿಡಿದಿದೆ" ಅಂದರು. "ನಾಳಿದ್ದು ಹೊಳೆ ಕಡೆ ಹೋಗಿ ಬರೋಣ."